ಗಾಡಿಯ ಹಿಂದಿನ ಸದ್ದು: ಎಲ್ಲಿಂದ ಅನ್ನುವ ಮೊದಲು ಯಾವಾಗ ಅಂತ ನೋಡಿ

ಹಿಂಬದಿಯಲ್ಲಿ ಸದ್ದು ಶುರುವಾದರೆ ಕಿವಿಯನ್ನು ಪೂರ್ತಿ ನಂಬಬೇಡಿ. ತಗಡಿನ ಬಾಡಿ ಸದ್ದನ್ನು ಹೊತ್ತೊಯ್ಯುತ್ತದೆ, ಎಡ ಚಕ್ರದ್ದು ಬಲ ಸೀಟಿನಡಿ ಕೇಳಿಸುವುದುಂಟು. ಸದ್ದು ಯಾವಾಗ ಬರುತ್ತದೆ, ಏನು ಮಾಡಿದರೆ ನಿಲ್ಲುತ್ತದೆ ಎನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಎಲ್ಲಕ್ಕಿಂತ ಮೊದಲು ಪಾನಾ ಹಾಕಿ ವೀಲ್ ನಟ್ ನೋಡಿ, ಪಂಕ್ಚರ್ ಹಾಕಿಸಿದ ಮೇಲಂತೂ ತಪ್ಪದೆ. ಆಮೇಲೆ ಡಿಕ್ಕಿ ಪೂರ್ತಿ ಖಾಲಿ ಮಾಡಿ. ಜಾಕಿ, ಸ್ಟೆಪ್ನಿ, ಹಿಂದಿನ ಸೀಟಿನ ಲಾಕ್, ನಂಬರ್ ಪ್ಲೇಟ್ ಇವುಗಳಲ್ಲಿ ಒಂದು ಸಡಿಲವಿದ್ದರೂ ಸಾಕು, ಬೇರಿಂಗ್ ಹೋಯಿತೇನೋ ಎನ್ನುವಷ್ಟು ಸದ್ದು ಮಾಡುತ್ತದೆ.

ಇನ್ನೂ ಇದ್ದರೆ ಓಡಿಸಿ ನೋಡಬೇಕು. ಕಾರವಾರ–ಅಂಕೋಲಾ ಹೆದ್ದಾರಿಯಂಥ ಸಮ ರಸ್ತೆಯಲ್ಲಿ, ಹಿಂದೆ ವಾಹನ ಇಲ್ಲದಾಗ, 60ರ ವೇಗದಲ್ಲಿ ಒಮ್ಮೆ ನ್ಯೂಟ್ರಲ್‌ಗೆ ತನ್ನಿ. ಗೊಂಯ್ ಎನ್ನುವ ಸದ್ದು ಹಾಗೇ ಉಳಿದರೆ ಟೈರ್ ಅಥವಾ ವೀಲ್ ಬೇರಿಂಗ್. ರಸ್ತೆಯ ಮೇಲ್ಮೈ ಬದಲಾದ ಕೂಡಲೇ ಸದ್ದೂ ಬದಲಾದರೆ ಟೈರ್ ಇರಬಹುದು. ಅಂಗೈಯಿಂದ ಟೈರಿನ ಹಲ್ಲನ್ನು ಸವರಿ, ಒಂದು ದಿಕ್ಕಿಗೆ ನುಣುಪು, ಇನ್ನೊಂದಕ್ಕೆ ಗರಗಸದಂತೆ ಹತ್ತಿದರೆ ಅದೇ. ಹಿಂದಿನ ಟೈರ್ ಮುಂದಕ್ಕೆ ಹಾಕಿ ಓಡಿಸಿದಾಗ ಸದ್ದೂ ಮುಂದೆ ಬಂದರೆ ಸಂಶಯವೇ ಬೇಡ. ಬೇರಿಂಗ್ ಸದ್ದು ಹಾಗಲ್ಲ, ಅದು ವೇಗದೊಂದಿಗೆ ಏರುತ್ತದೆ, ತಿರುವಿನಲ್ಲಿ ಬದಲಾಗುತ್ತದೆ. ಬಲಕ್ಕೆ ತಿರುಗುವಾಗ ಭಾರ ಎಡ ಚಕ್ರದ ಮೇಲೆ ಬೀಳುವುದರಿಂದ, ಆಗ ಸದ್ದು ಹೆಚ್ಚಿದರೆ ಸಾಮಾನ್ಯವಾಗಿ ಎಡ ಬೇರಿಂಗ್. ಮಳೆಗಾಲದಲ್ಲಿ ಹಬ್ (ಚಕ್ರದ ನಡುಭಾಗ) ಮುಳುಗುವಷ್ಟು ನೀರಲ್ಲಿ ಗಾಡಿ ದಾಟಿಸಿದ್ದರೆ ಗ್ರೀಸ್‌ನೊಳಗೆ ನೀರು ಹೊಕ್ಕು, ಕೆಲವು ವಾರ ಬಿಟ್ಟು ಈ ಸದ್ದು ಶುರುವಾಗುವುದಿದೆ.

ಖಾತ್ರಿಗೆ ಚಕ್ರ ಎತ್ತಿ ನೋಡಿ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಮರದ ತುಂಡು ಕೊಡಿ, ಹ್ಯಾಂಡ್‌ಬ್ರೇಕ್ ಬಿಡಿ. ಓಮ್ನಿ, ಬೊಲೆರೊದಂಥ ಹಿಂದಿನ ಚಕ್ರ ತಿರುಗಿಸುವ ಗಾಡಿಯಾದರೆ ನ್ಯೂಟ್ರಲ್‌ನಲ್ಲಿರಲಿ, ಆಲ್ಟೊದಂಥದ್ದಾದರೆ ಗೇರಿನಲ್ಲೇ ಇರಲಿ. ಬರೀ ಜಾಕಿಯ ಮೇಲಿರುವ ಗಾಡಿಯ ಕೆಳಗೆ ತಲೆ ಹಾಕಬೇಡಿ. ಆಸರೆಗೆ ಚಿರೆಕಲ್ಲು ಇಡುವುದೂ ಬೇಡ, ಭಾರ ಒಂದೇ ಕಡೆ ಬಿದ್ದರೆ ಅದು ಒಡೆಯುತ್ತದೆ, ಕಬ್ಬಿಣದ ಸ್ಟ್ಯಾಂಡೇ ಬೇಕು. ಟೈರಿನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಲೊಟಲೊಟ ಎಂದರೆ ಬೇರಿಂಗ್ ಸಡಿಲ. ಒಂದು ಕೈ ಕಾಯಿಲ್ ಸ್ಪ್ರಿಂಗ್ ಮೇಲಿಟ್ಟು ಇನ್ನೊಂದರಿಂದ ಚಕ್ರ ತಿರುಗಿಸಿ. ಕಿವಿಗೆ ಕೇಳದ ಒರಟುತನ ಸ್ಪ್ರಿಂಗ್ ಮೂಲಕ ಬೆರಳಿಗೆ ಸಿಗುತ್ತದೆ. ಬೇರಿಂಗ್ ಆಡುತ್ತಿದೆ ಎಂದು ಗೊತ್ತಾದ ಗಾಡಿಯನ್ನು ದೇವಿಮನೆ ಘಟ್ಟ ಇಳಿಸಬೇಡಿ.

ಚಕ್ರ ತಿರುಗಿಸುವಾಗ ನಿರಂತರ ಕರ್ರ್ ಎಂದರೆ ಬ್ರೇಕ್ ಡ್ರಮ್ ಬಿಚ್ಚಿಸಿ. ಒಳಗೆ ಜಲ್ಲಿಚೂರು, ಕೆಂಪು ಮಣ್ಣು ಸಿಗಬಹುದು, ಅಥವಾ ಲೈನರ್ (ಡ್ರಮ್ಮಿಗೆ ಒತ್ತಿ ಬ್ರೇಕ್ ಹಿಡಿಯುವ ಪಟ್ಟಿ) ಸವೆದು ಕಬ್ಬಿಣ ಉಜ್ಜುತ್ತಿರಬಹುದು. ದಪ್ಪ 1–1.5 ಮಿ.ಮೀ.ಗೆ ಇಳಿದಿದ್ದರೆ ಎರಡೂ ಬದಿ ಒಟ್ಟಿಗೆ ಬದಲಿಸಿ. ಮಳೆಯಲ್ಲಿ ಎರಡು ದಿನ ನಿಂತ ಗಾಡಿ ಮೊದಲ ನಾಲ್ಕೈದು ಬ್ರೇಕಿಗೆ ಮಾತ್ರ ಗರಗುಟ್ಟಿದರೆ ಅದು ಮೇಲ್ತುಕ್ಕು, ಚಿಂತೆ ಬೇಡ. ಹೊರಡುವಾಗ ಒಮ್ಮೆ ಟಕ್ ಎಂದು ಬಿಟ್ಟುಕೊಳ್ಳುವುದು ಲೈನರ್ ಡ್ರಮ್ಮಿಗೆ ಅಂಟಿದ ಸದ್ದು. ಮಳೆಗಾಲದಲ್ಲಿ ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಬದಲು ಗೇರ್ ಹಾಕಿ, ಚಕ್ರಕ್ಕೆ ತುಂಡು ಕೊಟ್ಟು ನಿಲ್ಲಿಸಿ.

ನಿಂತಲ್ಲೇ, ಇಂಜಿನ್ ಚಾಲೂ ಇರುವಾಗ ಗಡಗಡ ಎಂದರೆ ಸೈಲೆನ್ಸರ್. ಇಂಜಿನ್ ತಣ್ಣಗಾದ ಮೇಲೆ ಕೈಯಿಂದ ಅಲ್ಲಾಡಿಸಿ ನೋಡಿ. ಕರಾವಳಿಯ ಉಪ್ಪುಗಾಳಿಗೆ ಅದನ್ನು ತೂಗುಹಾಕುವ ಸರಳು ತುಕ್ಕು ಹಿಡಿಯುತ್ತದೆ, ರಬ್ಬರ್ ಹರಿಯುತ್ತದೆ.

ಓಮ್ನಿ, ಬೊಲೆರೊಗಳಲ್ಲಿ ಇನ್ನೆರಡು ಜಾಗ ಇವೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಎಂದರೆ ಕ್ರೌನ್, ಅಂದರೆ ಹಿಂದಿನ ಆಕ್ಸಲ್ ನಡುವಿನ ಹಲ್ಲುಚಕ್ರ. ಅದರ ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ, ತಕ್ಷಣ ಬದಲಿಸಿ. ರಿವರ್ಸ್‌ನಿಂದ ಫಸ್ಟ್‌ಗೆ ಬಂದಾಗ ಟಕ್ ಎಂದರೆ ಪ್ರೊಪೆಲ್ಲರ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ದಂಡ) ಕ್ರಾಸ್, ಅಂದರೆ ಅದರ ತುದಿಯ ಕೀಲು, ನೋಡಿಸಿ.

ಹೊಂಡ, ಹಂಪಿನಲ್ಲಿ ಮಾತ್ರ ಬರುವ ಸದ್ದು ಶಾಕ್ ಅಬ್ಸಾರ್ಬರ್ ಬುಷ್ (ಬೋಲ್ಟ್ ಸುತ್ತಲಿನ ರಬ್ಬರ್ ಬಳೆ) ಅಥವಾ ಲೀಫ್ ಸ್ಪ್ರಿಂಗಿನದ್ದು. ಶಾಕ್ ಮೈಮೇಲೆ ಎಣ್ಣೆ ಇಳಿದಿದೆಯೇ, ಸ್ಪ್ರಿಂಗಿನ ಪ್ಲೇಟ್ ಬಿರುಕು ಬಿಟ್ಟಿದೆಯೇ, ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿದಿಡುವ ಯು-ಬೋಲ್ಟ್ ಸಡಿಲವಿದೆಯೇ ನೋಡಿ. ಮೀನು ಸಾಗಿಸುವ ಪಿಕಪ್‌ಗಳಲ್ಲಿ ಐಸಿನ ಉಪ್ಪುನೀರು ಸೋರುವುದು ನೇರ ಈ ಪ್ಲೇಟುಗಳ ಮೇಲೆಯೇ. ದಿನವೂ ಸಿಹಿನೀರಿನಲ್ಲಿ ಅಡಿ ತೊಳೆಯಬೇಕು. ರಬ್ಬರ್ ಬುಷ್ ಹೊಸದು ಹಾಕಿಸುವಾಗ ಒಂದು ಮಾತು ಗಟ್ಟಿಯಾಗಿ ಹೇಳಿ: ಚಕ್ರ ನೆಲಕ್ಕೆ ತಾಗಿ, ಗಾಡಿಯ ಭಾರ ಬಿದ್ದ ಮೇಲೆಯೇ ಬೋಲ್ಟ್ ಪೂರ್ತಿ ಬಿಗಿಯಬೇಕು. ಚಕ್ರ ನೇತಾಡುವಾಗ ಬಿಗಿದರೆ ಗಾಡಿ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ, ಬೇಗ ಹರಿದು ಅದೇ ಸದ್ದು ಮತ್ತೆ ಬರುತ್ತದೆ.