ಡಿ80 ಡೋಜರ್ ಮತ್ತು ಶಿರಾ ರಸ್ತೆಯ ಮಣ್ಣು

ತುಮಕೂರಿನಿಂದ ಶಿರಾಕ್ಕೆ ಹೋಗುವವರಿಗೆ ಕಾಣುವುದು ಮೇಲಿನ ಡಾಂಬರು. ನನಗೆ ಗೊತ್ತಿರುವುದು ಅದರ ಅಡಿಯ ಮಣ್ಣು. ಸುವರ್ಣ ಚತುಷ್ಕೋನ ಯೋಜನೆಯಲ್ಲಿ ಹಳೆಯ ರಾಷ್ಟ್ರೀಯ ಹೆದ್ದಾರಿ 4, ಅಂದರೆ ಈಗಿನ 48, ನಾಲ್ಕು ಪಥವಾಗುತ್ತಿದ್ದ ಕಾಲದಲ್ಲಿ ನಾನು ಅಲ್ಲಿ ಬಿಇಎಂಎಲ್‌ನ ಡಿ80 ಬುಲ್ಡೋಜರ್ ಓಡಿಸುತ್ತಿದ್ದೆ. ಜಪಾನಿನ ಕೊಮಾಟ್ಸು ವಿನ್ಯಾಸದ ಆ ಯಂತ್ರ ತಯಾರಾದದ್ದು ನಮ್ಮ ಕೋಲಾರ ಜಿಲ್ಲೆಯ ಕೆಜಿಎಫ್‌ನಲ್ಲಿ. ಬಂಗಾರಪೇಟೆಯ ಕಡೆಯವನಾದ ನನಗೆ ಅದರ ಮೇಲೆ ಅಭಿಮಾನ ತುಸು ಹೆಚ್ಚೇ.

ಹಳೆಯ ಡೋಜರಿನಲ್ಲಿ ಸ್ಟೀರಿಂಗ್ ಚಕ್ರವಿರುವುದಿಲ್ಲ. ಬದಿಗೊಂದು ಲಿವರ್, ಬದಿಗೊಂದು ಬ್ರೇಕ್ ಪೆಡಲ್. ಎಡಗಡೆಯ ಲಿವರ್ ಎಳೆದರೆ ಗಾಲಿಯ ಬದಲಿಗಿರುವ ಉಕ್ಕಿನ ಪಟ್ಟಿಗಳಲ್ಲಿ ಎಡಗಡೆಯದಕ್ಕೆ, ಅಂದರೆ ಎಡ ಚೈನಿಗೆ, ಎಂಜಿನ್ನಿನ ಶಕ್ತಿ ತಪ್ಪುತ್ತದೆ, ಯಂತ್ರ ಎಡಕ್ಕೆ ತಿರುಗುತ್ತದೆ. ಇದು ಸಮತಟ್ಟಿನ ಮಾತು. ರಸ್ತೆಗಾಗಿ ಮಣ್ಣು ಹಾಕಿ ಎತ್ತರಿಸಿದ ಏರಿಯ ಇಳಿಜಾರಿನಲ್ಲಿ ಕೆಳಗಿಳಿಯುವಾಗ ಎಡ ಲಿವರ್ ಮಾತ್ರ ಎಳೆದರೆ, ಬಿಡುವಾದ ಎಡ ಚೈನು ಯಂತ್ರದ ಭಾರಕ್ಕೆ ತಾನೇ ಮುಂದೆ ಉರುಳುತ್ತದೆ; ಎಂಜಿನ್ ಹಿಡಿದಿಟ್ಟ ಬಲಗಡೆಯ ಚೈನು ನಿಧಾನವಾಗಿರುವುದರಿಂದ ಡೋಜರ್ ಬಲಕ್ಕೆ ಹೊರಳುತ್ತದೆ. ಅಲ್ಲಿ ಬೇಕಾದ ದಿಕ್ಕಿನ ಬ್ರೇಕನ್ನು ಜೊತೆಗೇ ಒತ್ತಬೇಕು, ಇಲ್ಲವೇ ಎದುರು ಲಿವರ್ ಎಳೆಯಬೇಕು. ನನಗೆ ಕೆಲಸ ಕಲಿಸಿದ ಹಿರಿಯರು ಇದನ್ನು ಕೈಕಾಲಿಗೆ ಹತ್ತಿಸುವವರೆಗೂ ನನ್ನನ್ನು ಏರಿಯ ಅಂಚಿಗೆ ಬಿಡಲೇ ಇಲ್ಲ.

ಮಣ್ಣು ಕೆತ್ತಿ ತಳ್ಳುವ ಮುಂದಿನ ಉಕ್ಕಿನ ಹಲಗೆ, ಅಂದರೆ ಬ್ಲೇಡಿನ ಕೆಲಸ ಇನ್ನೂ ಸೂಕ್ಷ್ಮ. ಬ್ಲೇಡ್ ಮುಂದೆ ಕೆತ್ತಿದ ನೆಲದ ಮೇಲೆಯೇ ಹಿಂದಿನಿಂದ ಚೈನು ಬರುತ್ತದೆ. ಒಂದು ಗುಂಡಿ ಬಿಟ್ಟರೆ ಯಂತ್ರದ ಮೂತಿ ಅದರಲ್ಲಿ ಕುಸಿದು ಬ್ಲೇಡ್ ಇನ್ನಷ್ಟು ಆಳಕ್ಕೆ ಕಚ್ಚುತ್ತದೆ, ಮುಂದೆ ದಿಬ್ಬವಾಗುತ್ತದೆ, ಹೀಗೆ ಅಲೆಯ ಮೇಲೆ ಅಲೆ. “ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ ಕಣಪ್ಪ, ಸೊಂಟಕ್ಕೆ ತಿಳಿದ ತಕ್ಷಣ ಬ್ಲೇಡಿನ ಲಿವರ್ ಮುಟ್ಟು” ಎನ್ನುತ್ತಿದ್ದರು ಅವರು. ಮೂತಿ ತಗ್ಗುವುದು ಮೊದಲು ಸೀಟಿಗೇ ಗೊತ್ತಾಗುತ್ತದೆ. ಮಣ್ಣನ್ನು ದೂರ ತಳ್ಳಬೇಕಾದರೆ ಒಂದೇ ಜಾಡಿನಲ್ಲಿ ಹೋಗಿ ಬಂದು ಕಾಲುವೆಯಂತೆ ಮಾಡಿಕೊಳ್ಳುತ್ತಿದ್ದೆವು; ಎರಡೂ ಬದಿಯ ಗೋಡೆ ಮಣ್ಣು ಚೆಲ್ಲದಂತೆ ತಡೆಯುತ್ತದೆ, ಡೀಸೆಲ್ ಉಳಿಯುತ್ತದೆ.

ಇಷ್ಟು ಹಟ ಏಕೆಂದರೆ, ಡೋಜರ್ ದಪ್ಪವಾಗಿ ಹಾಸಿದ್ದನ್ನು ರೋಲರ್ ಸರಿಮಾಡಲಾರದು. ಟಿಪ್ಪರ್ ಸುರಿದ ಗರಸನ್ನು ತೆಳುವಾಗಿ ಎಳೆಯಬೇಕು. ದಪ್ಪವಾದರೆ ಮೇಲ್ಭಾಗ ಮಾತ್ರ ಗಟ್ಟಿಯಾಗಿ ಅಡಿ ಸಡಿಲವೇ ಉಳಿಯುತ್ತದೆ. ಏರಿಯ ಮಣ್ಣು ಪ್ರಯೋಗಾಲಯದಲ್ಲಿ ಸಿಕ್ಕ ಗರಿಷ್ಠ ಸಾಂದ್ರತೆಯ ಶೇ 95ನ್ನಾದರೂ ಮುಟ್ಟಬೇಕು, ಜಲ್ಲಿ ಮತ್ತು ಡಾಂಬರಿನ ಪದರಗಳ ಕೆಳಗಿನ 50 ಸೆಂಟಿಮೀಟರ್ ಮಣ್ಣು ಶೇ 97ನ್ನು. ಗುಂಡಿ ತೋಡಿ, ಮರಳು ಸುರಿದು ಅಳೆದು ನೋಡುತ್ತಿದ್ದರು. ನಾವು ಅದಕ್ಕೂ ಮೊದಲು ಮಣ್ಣನ್ನು ಮುಷ್ಟಿಯಲ್ಲಿ ಹಿಸುಕುತ್ತಿದ್ದೆವು. ಉಂಡೆ ಕಟ್ಟಿ, ಒತ್ತಿದಾಗ ಎರಡು ಮೂರು ತುಂಡಾದರೆ ತೇವ ಸರಿ. ಪುಡಿಯಾದರೆ ಟ್ಯಾಂಕರಿನ ನೀರು, ಕೈಗೆ ಮೆತ್ತಿದರೆ ಬಿಸಿಲಿಗೆ ಹರವಿ ಕಾಯುವುದು. ಈ ಕಾಯುವಿಕೆಗೆ ಸೂಪರ್‌ವೈಸರ್ ಸಿಡಿಮಿಡಿಗೊಂಡರೂ ನಾನು ಬಿಟ್ಟುಕೊಟ್ಟವನಲ್ಲ. ಬಸ್ಸಿನಲ್ಲಿ ಮಲಗಿ ಹೋಗುವವರ ಜೀವ ಆ ಪದರದ ಮೇಲಿರುತ್ತದೆ.

ಬಂಡೆ ಸಿಕ್ಕ ಕಡೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊಳೆತ ಕಲ್ಲನ್ನು ಯಂತ್ರದ ಹಿಂಬದಿಯ ಕೊಕ್ಕೆಯಂಥ ರಿಪ್ಪರ್ ಕೀಳುತ್ತದೆ, ಗಟ್ಟಿ ಗ್ರಾನೈಟಿಗೆ ಸಿಡಿಮದ್ದೇ ಗತಿ.

ಕಳ್ಳಂಬೆಳ್ಳದ ಕೆರೆಯ ಆಸುಪಾಸಿನ ಜಿಗುಟು ಮಣ್ಣು ಚೈನಿನ ಶತ್ರು. ಚೈನನ್ನು ಎಳೆಯುವ ಸ್ಪ್ರಾಕೆಟ್ ಚಕ್ರದ ಹಲ್ಲುಗಳ ನಡುವೆ ಮೆತ್ತಿಕೊಂಡು ಒಣಗಿದರೆ ಚೈನು ತಾನಾಗಿಯೇ ಬಿಗಿಯುತ್ತದೆ, ಪಿನ್ನು ಬುಷ್ಷುಗಳು ಸವೆಯುತ್ತವೆ. ಡೋಜರಿನ ದುರಸ್ತಿ ಖರ್ಚಿನ ದೊಡ್ಡ ಪಾಲು ಈ ಕೆಳಭಾಗದ್ದೇ. ಸಂಜೆ ಎಂಜಿನ್ ಆರಿಸಿದ ಮೇಲೆ ಹೆಲ್ಪರ್ ಜೊತೆ ಕೂತು ಸಲಾಕೆಯಿಂದ ಮಣ್ಣು ಕೆರೆದು, ಚೈನು ಎಷ್ಟು ಜೋತಿದೆ ಎಂದು ನೋಡುತ್ತಿದ್ದೆ. ಸಡಿಲವಾಗಿದ್ದರೆ ಗ್ರೀಸ್ ಗನ್‌ನಿಂದ ತುಂಬಿ ಬಿಗಿ ಮಾಡುವುದು, ಕೆಸರಿನ ದಿನ ಸ್ವಲ್ಪ ಗ್ರೀಸ್ ಹೊರಬಿಟ್ಟು ಸಡಿಲಿಸುವುದು. ಆದರೆ ಮಾರನೆಯ ದಿನ ಇಳಿಜಾರಿನ ಅಂಚಿನಲ್ಲಿ ಕೆಲಸವಿದ್ದರೆ ಮತ್ತೆ ಬಿಗಿ ಮಾಡಿಯೇ ಹತ್ತುತ್ತಿದ್ದೆ, ಅಲ್ಲಿ ಸಡಿಲ ಚೈನು ಮುಂದಿನ ಐಡ್ಲರ್ ಚಕ್ರದಿಂದ ಕಳಚಿಬಿಡುತ್ತದೆ.