ದೀರ್ಘಾಯುಷ್ಯಕ್ಕೆ ದಿನಚರಿಯನ್ನು ಹೊಂದಿಸಿಕೊಳ್ಳುವುದು ಹೇಗೆ?

ಎರಡನೇ ಮಹಾಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಜೆರ್ರಿ ಮಾರಿಸ್ ಎಂಬ ಬ್ರಿಟಿಷ್ ವೈದ್ಯರು ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳ ಸಿಬ್ಬಂದಿಯ ಆರೋಗ್ಯವನ್ನು ಅಭ್ಯಾಸ ಮಾಡಿದರು. ಬಸ್ಸು ಒಂದೇ, ದಾರಿ ಒಂದೇ. ಚಾಲಕ ದಿನವಿಡೀ ಕುಳಿತಿರುತ್ತಿದ್ದ. ನಿರ್ವಾಹಕ ಟಿಕೆಟ್ ಕೊಡುತ್ತ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಿದ್ದ. 1953ರಲ್ಲಿ ಪ್ರಕಟವಾದ ವರದಿಯ ಪ್ರಕಾರ ನಿರ್ವಾಹಕರಿಗೆ ಹೃದ್ರೋಗ ಬರುವುದು ಚಾಲಕರಿಗಿಂತ ಕಡಿಮೆ. ಬಂದರೂ ತಡವಾಗಿ ಬರುತ್ತಿತ್ತು, ಅಷ್ಟು ಮಾರಕವೂ ಆಗಿರುತ್ತಿರಲಿಲ್ಲ. ಚಾಲಕರ ಸಮವಸ್ತ್ರದ ಸೊಂಟದಳತೆಯೇ ಹೆಚ್ಚು ಎಂಬುದನ್ನು ಮುಂದೆ ಮಾರಿಸ್ ಅವರೇ ತೋರಿಸಿಕೊಟ್ಟಿದ್ದರಿಂದ, ಎಲ್ಲ ವ್ಯತ್ಯಾಸವನ್ನೂ ಮೆಟ್ಟಿಲುಗಳ ಲೆಕ್ಕಕ್ಕೆ ಬರೆಯಲಾಗದು. ಆದರೂ ನಡೆದು ಅಂಚೆ ಹಂಚುವವರ ಮತ್ತು ಮೇಜಿನ ಮುಂದೆ ಕೂರುವ ಗುಮಾಸ್ತರ ನಡುವೆಯೂ ಇದೇ ಬಗೆಯ ಅಂತರ ಕಂಡುಬಂದಿತು.

ಈ ಅಧ್ಯಯನದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಒಂದಿದೆ. ಆ ನಿರ್ವಾಹಕರು ವ್ಯಾಯಾಮ ಮಾಡಲೇಬೇಕೆಂದು ಹಟ ತೊಟ್ಟವರೇನೂ ಆಗಿರಲಿಲ್ಲ. ಅವರ ದಿನ ಹೇಗೆ ಹೊಂದಿಕೊಂಡಿತ್ತೆಂದರೆ, ಮೆಟ್ಟಿಲು ಹತ್ತದೆ ಸಂಜೆಯಾಗುತ್ತಲೇ ಇರಲಿಲ್ಲ.

ಸ್ವಭಾವದ ಪಾಲು ಇಲ್ಲವೆಂದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಲೂಯಿಸ್ ಟರ್ಮನ್ 1921ರಲ್ಲಿ ಸುಮಾರು 1,500 ಮಕ್ಕಳನ್ನು ಆರಿಸಿಕೊಂಡು ಅವರ ಬದುಕನ್ನು ದಾಖಲಿಸಲು ಆರಂಭಿಸಿದರು. ಅವರ ನಂತರವೂ ಆ ಕೆಲಸ ಮುಂದುವರಿಯಿತು. ಬಾಲ್ಯದಲ್ಲಿ ಹೆತ್ತವರೂ ಶಿಕ್ಷಕರೂ ಆ ಮಕ್ಕಳ ಗುಣಗಳಿಗೆ ಕೊಟ್ಟಿದ್ದ ಅಂಕಗಳನ್ನು ಅವರ ಆಯುಷ್ಯದೊಂದಿಗೆ ತಾಳೆ ನೋಡಿದ ಹೋವರ್ಡ್ ಫ್ರೀಡ್‌ಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಫಲಿತಾಂಶ ಅನೇಕರ ನಿರೀಕ್ಷೆಗೆ ವಿರುದ್ಧವಾಗಿತ್ತು. ಹೆಚ್ಚು ಕಾಲ ಬದುಕಿದವರು ಸದಾ ನಗುನಗುತ್ತಿದ್ದ ಮಕ್ಕಳಲ್ಲ. ಹಿಡಿದ ಕೆಲಸ ಬಿಡದ, ಮುಂದಿನದನ್ನು ಯೋಚಿಸುವ, ಅಚ್ಚುಕಟ್ಟಿನ, ಶ್ರದ್ಧಾವಂತ ಮಕ್ಕಳು. ಇಂಥವರು ಔಷಧಿಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತಾರೆ, ಅನಗತ್ಯ ಅಪಾಯಕ್ಕೆ ಕೈಹಾಕುವುದಿಲ್ಲ, ವೈದ್ಯರ ಭೇಟಿಯನ್ನು ಮುಂದೂಡುವುದಿಲ್ಲ. ಹುಟ್ಟಿನಿಂದ ಆ ಗುಣ ಅಷ್ಟಾಗಿ ಬಾರದ ನಮ್ಮಂಥವರು ಅದೇ ಫಲವನ್ನು ದಿನಚರಿಯ ಹೊಂದಾಣಿಕೆಯಿಂದ ಪಡೆಯಬಹುದು ಎಂಬುದೇ ಈ ಲೇಖನದ ಆಧಾರ. ಮುಂದಿನ ಹೆಜ್ಜೆಗಳನ್ನು ನಾನು ಮುಖ್ಯವೆಂದು ತಿಳಿದ ಕ್ರಮದಲ್ಲಿ ಕೊಟ್ಟಿದ್ದೇನೆ. ಎಲ್ಲವನ್ನೂ ಒಂದೇ ವಾರದಲ್ಲಿ ಆರಂಭಿಸಬೇಡಿ.

ಮೊದಲು ಅಳತೆ

ಅಧಿಕ ರಕ್ತದೊತ್ತಡಕ್ಕೆ ಸಾಮಾನ್ಯವಾಗಿ ಲಕ್ಷಣಗಳೇ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಈ ತೊಂದರೆ ಇರುವ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ಅದು ತಮಗಿದೆ ಎಂಬುದೇ ತಿಳಿದಿಲ್ಲ. ಪಾರ್ಶ್ವವಾಯು, ಹೃದಯಾಘಾತ, ಮೂತ್ರಪಿಂಡದ ವೈಫಲ್ಯ, ಮುಪ್ಪಿನ ಮರೆಗುಳಿತನ, ಇವೆಲ್ಲಕ್ಕೂ ದಾರಿ ಮಾಡಿಕೊಡುವ ಈ ತೊಂದರೆಯನ್ನು ಕೆಲವೇ ನಿಮಿಷಗಳಲ್ಲಿ ಪತ್ತೆಹಚ್ಚಬಹುದಾದ್ದರಿಂದ ಆರಂಭ ಇಲ್ಲಿಂದಲೇ ಆಗಬೇಕು.

ಅಳೆಯುವ ಕ್ರಮ ತಪ್ಪಿದರೆ ಅಂಕಿಯೂ ತಪ್ಪುತ್ತದೆ. ಅಳೆಯುವ ಮುಂಚಿನ ಅರ್ಧ ಗಂಟೆ ಕಾಫಿ, ಚಹಾ, ತಂಬಾಕು, ವ್ಯಾಯಾಮ ಬೇಡ. ಮೂತ್ರ ವಿಸರ್ಜನೆ ಮುಗಿಸಿಕೊಂಡಿರಿ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ, ಪಾದಗಳನ್ನು ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ, ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ತೋಳು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿರಲಿ, ಪಟ್ಟಿಯನ್ನು ಬಟ್ಟೆಯ ಮೇಲೆ ಸುತ್ತದೆ ಬರಿಯ ತೋಳಿಗೇ ಸುತ್ತಿ, ಅಳೆಯುವಾಗ ಮಾತನಾಡಬೇಡಿ. ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ ಅಳೆದು ಎರಡನ್ನೂ ಬರೆದಿಡಿ. ಹೀಗೆ ಒಂದು ವಾರ ಬೆಳಿಗ್ಗೆ ಮತ್ತು ಸಂಜೆ ಮಾಡಿದರೆ, ವೈದ್ಯರ ಎದುರಿನ ಆತಂಕದಲ್ಲಿ ಸಿಗುವ ಒಂದು ಅಂಕಿಗಿಂತ ನಂಬಲರ್ಹವಾದ ಸರಾಸರಿ ಸಿಗುತ್ತದೆ. ಮನೆಯ ಅಳತೆಯಲ್ಲಿ ಆ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ಪುಸ್ತಕವನ್ನೇ ವೈದ್ಯರಿಗೆ ತೋರಿಸಿ. ಮಾತ್ರೆ ಆರಂಭವಾದ ಮೇಲೆ ಅಂಕಿ ಇಳಿಯಿತೆಂದು ಅದನ್ನು ತಾವಾಗಿಯೇ ನಿಲ್ಲಿಸುವವರು ಬಹಳ ಮಂದಿ. ಅಂಕಿ ಇಳಿದಿರುವುದು ಮಾತ್ರೆಯಿಂದಲೇ ಎಂಬುದನ್ನು ದಯವಿಟ್ಟು ಮರೆಯಬಾರದು.

ರಕ್ತದ ಸಕ್ಕರೆ, ಕೊಲೆಸ್ಟರಾಲ್, ವಯಸ್ಸಿಗೆ ತಕ್ಕ ಕ್ಯಾನ್ಸರ್ ತಪಾಸಣೆ ಮತ್ತು ಲಸಿಕೆಗಳ ಬಗ್ಗೆಯೂ ಅದೇ ಭೇಟಿಯಲ್ಲಿ ಕೇಳಿ. ಮುಂದಿನ ತಪಾಸಣೆಯ ದಿನಾಂಕವನ್ನು ಅಲ್ಲಿಂದ ಹೊರಡುವ ಮುನ್ನವೇ ಗೊತ್ತುಪಡಿಸಿಕೊಳ್ಳಿ.

ತಂಬಾಕನ್ನು ಪೂರ್ತಿಯಾಗಿ ಬಿಡುವುದು

ತಂಬಾಕು ಬಳಸುವವರಿಗೆ ಈ ಲೇಖನದ ಉಳಿದೆಲ್ಲ ಸಲಹೆಗಳನ್ನು ಕೂಡಿಸಿದರೂ ಇದೊಂದಕ್ಕೆ ಸಾಟಿಯಾಗದು. ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ 1951ರಲ್ಲಿ ಬ್ರಿಟನ್ನಿನ ವೈದ್ಯರ ಮೇಲೆಯೇ ಆರಂಭಿಸಿದ ಅಧ್ಯಯನ ಅರ್ಧ ಶತಮಾನ ನಡೆಯಿತು. 2004ರಲ್ಲಿ ಹೊರಬಂದ ಫಲಿತಾಂಶ ಹೇಳುವಂತೆ, ಸಿಗರೇಟನ್ನು ಬಿಡದೆ ಸೇದಿದವರು ಸೇದದವರಿಗಿಂತ ಸರಾಸರಿ ಸುಮಾರು 10 ವರ್ಷ ಮುಂಚೆ ತೀರಿಕೊಂಡರು. 60ನೇ ವಯಸ್ಸಿನಲ್ಲಿ ಬಿಟ್ಟವರು ಅದರಲ್ಲಿ ಸುಮಾರು 3 ವರ್ಷಗಳನ್ನು ಮರಳಿ ಪಡೆದರು, 50ರಲ್ಲಿ ಬಿಟ್ಟವರು 6, 40ರಲ್ಲಿ ಬಿಟ್ಟವರು 9. 30ರ ಹೊತ್ತಿಗೆ ಬಿಟ್ಟವರು ಹೆಚ್ಚುಕಡಿಮೆ ಅಷ್ಟನ್ನೂ ಉಳಿಸಿಕೊಂಡರು. ‘ಇಷ್ಟು ವರ್ಷ ಸೇದಿಯಾಗಿದೆ, ಇನ್ನು ಬಿಟ್ಟು ಏನು ಪ್ರಯೋಜನ’ ಎನ್ನುವ ಹಿರಿಯರಿಗೆ ಈ ಅಂಕಿಗಳನ್ನು ಓದಿ ಹೇಳಬೇಕು.

‘ಕಡಿಮೆ ಮಾಡಿದ್ದೇನೆ’ ಎಂಬ ಸಮಾಧಾನ ಸಾಲದು. ದಿನಕ್ಕೆ ಒಂದೇ ಸಿಗರೇಟು ಸೇದುವವರಿಗೂ, ಇಪ್ಪತ್ತು ಸೇದುವವರಿಗೆ ಇರುವ ಹೃದ್ರೋಗದ ಹೆಚ್ಚುವರಿ ಅಪಾಯದಲ್ಲಿ ಸುಮಾರು ಅರ್ಧದಷ್ಟು ಉಳಿದೇ ಇರುತ್ತದೆ. ಆದ್ದರಿಂದ ಎರಡು ವಾರದೊಳಗಿನ ಒಂದು ದಿನವನ್ನು ನಿಶ್ಚಯಿಸಿ, ಹಿಂದಿನ ರಾತ್ರಿಯೇ ಮನೆ, ಚೀಲ, ವಾಹನಗಳಲ್ಲಿರುವ ಪೊಟ್ಟಣ, ಬೆಂಕಿಪೊಟ್ಟಣ, ಬೂದಿತಟ್ಟೆಗಳನ್ನೆಲ್ಲ ತೆಗೆದುಹಾಕಿ. ಸೇದಬೇಕೆಂಬ ತುಡಿತ ಎಷ್ಟೇ ಬಲವಾಗಿದ್ದರೂ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಆ ನಿಮಿಷಗಳಿಗೆಂದು ನೀರು ಕುಡಿಯುವುದೋ, ಎದ್ದು ನಡೆಯುವುದೋ, ಯಾರಿಗಾದರೂ ಫೋನ್ ಮಾಡುವುದೋ, ಒಂದು ಕೆಲಸವನ್ನು ಮೊದಲೇ ಗೊತ್ತುಮಾಡಿಟ್ಟುಕೊಳ್ಳಿ. ನಿಕೋಟಿನ್ ಪಟ್ಟಿ, ಚೂಯಿಂಗ್ ಗಮ್ ಮತ್ತು ಆಪ್ತಸಮಾಲೋಚನೆ ಯಶಸ್ಸಿನ ಸಾಧ್ಯತೆಯನ್ನು ನಿಜವಾಗಿಯೂ ಹೆಚ್ಚಿಸುತ್ತವೆ, ಅವನ್ನು ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ. ಜಗಿಯುವ ತಂಬಾಕಿಗೂ ಈ ಮಾತುಗಳೆಲ್ಲ ಸಲ್ಲುತ್ತವೆ. ಮದ್ಯದ ವಿಷಯದಲ್ಲಿ ಸಂಪೂರ್ಣ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ.

ನಡಿಗೆ, ಆಮೇಲೆ ಬಲ

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ಮಧ್ಯಮ ಎಂದರೆ, ನಡೆಯುತ್ತ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ದಿನಕ್ಕೆ 10,000 ಹೆಜ್ಜೆ ಎಂಬ ಪ್ರಸಿದ್ಧ ಗುರಿ 1960ರ ದಶಕದಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆಯೆಣಿಕೆ ಯಂತ್ರವೊಂದರ ಹೆಸರಿನಿಂದ ಹರಡಿದ್ದು. ವಯಸ್ಸಾದ ಅಮೆರಿಕನ್ ಮಹಿಳೆಯರ ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲೇ, 2,700 ಹೆಜ್ಜೆ ನಡೆದವರಿಗಿಂತ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆಯಿತ್ತು. ಸುಮಾರು 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಾಗಿ ಏನೂ ಮಾಡದವರು ಹತ್ತು ನಿಮಿಷ ನಡೆಯತೊಡಗಿದರೆ ಅವರಿಗೆ ಸಿಗುವ ಲಾಭವೇ ಅತಿ ದೊಡ್ಡದು. ಬಸ್ಸಿನ ನಿರ್ವಾಹಕರಂತೆ ಅದು ತಪ್ಪಿಸಲಾಗದ ಕೆಲಸಕ್ಕೆ ಅಂಟಿಕೊಂಡಿರಲಿ: ಫೋನಿನ ಮಾತೆಲ್ಲ ನಡೆದಾಡುತ್ತಲೇ ಆಗಲಿ, ಒಂದೆರಡು ಮಹಡಿಗೆ ಲಿಫ್ಟ್ ಬೇಡ.

ನಡಿಗೆಯೊಂದರಿಂದಲೇ ಮುಪ್ಪನ್ನು ಎದುರಿಸಲಾಗದು ಎಂಬುದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ದಿನವೂ ತಪ್ಪದೆ ನಡೆಯುವ ಅನೇಕರು ಸ್ನಾಯುಗಳನ್ನು ಮರೆತೇಬಿಟ್ಟಿರುತ್ತಾರೆ. ನಡುವಯಸ್ಸಿನಿಂದ ಸ್ನಾಯುಗಳು ಕರಗುತ್ತಾ ಹೋಗಿ, ಕುರ್ಚಿಯಿಂದ ಏಳುವುದು, ಎಡವಿದಾಗ ಸಾವರಿಸಿಕೊಳ್ಳುವುದು ಮೊದಲಾದ ಸಾಮರ್ಥ್ಯಗಳು ಸದ್ದಿಲ್ಲದೆ ಕೈಬಿಡುತ್ತವೆ. ಇಳಿವಯಸ್ಸಿನಲ್ಲಿ ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡು, ಮತ್ತೆ ಮೊದಲಿನಂತೆ ಓಡಾಡಲಾರದೆ ಹಾಸಿಗೆ ಹಿಡಿದವರನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಕಳೆದ ಬಲ ಮರಳಿ ಬರುತ್ತದೆ. ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಬಾಸ್ಟನ್ನಿನ ಆರೈಕೆ ಕೇಂದ್ರವೊಂದರಲ್ಲಿದ್ದ, 90ರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲುಗಳಿಂದ ಭಾರ ಎತ್ತುವ ತರಬೇತಿ ಕೊಟ್ಟರು. 1990ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ತರಬೇತಿ ಪೂರೈಸಿದವರ ಬಲ ಸರಾಸರಿ 174 ಶೇಕಡಾ ಹೆಚ್ಚಿತ್ತು.

ಮನೆಯಲ್ಲಿ ಹೀಗೆ ಆರಂಭಿಸಿ. ಗೋಡೆಗೆ ಆನಿಸಿದ ಗಟ್ಟಿ ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಕಟ್ಟಿಕೊಂಡು, ಎದ್ದು ನಿಂತು ಮತ್ತೆ ನಿಧಾನವಾಗಿ ಕುಳಿತುಕೊಳ್ಳಿ. ಇಳಿಯುವಾಗ ಮೂರು ಎಣಿಸಿ, ದೊಪ್ಪನೆ ಕೂರಬೇಡಿ. ಕೈ ಊರದೆ ಏಳಲಾಗದವರು ಮೊದಲ ಕೆಲವು ವಾರ ಊರಿಯೇ ಏಳಲಿ. ಎಂಟು ಬಾರಿ ಮಾಡಿ, ಒಂದು ನಿಮಿಷ ಸುಧಾರಿಸಿಕೊಂಡು, ಇನ್ನೊಂದು ಸುತ್ತು ಮಾಡಿ. ಗೋಡೆಗೆ ಅಂಗೈ ಊರಿ ದೇಹವನ್ನು ಮುಂದೆ ಬಾಗಿಸಿ ತಳ್ಳುವುದು ತೋಳು ಮತ್ತು ಎದೆಗೆ ಒಳ್ಳೆಯದು. ವಾರಕ್ಕೆ ಕನಿಷ್ಠ ಎರಡು ದಿನ ಇದು ನಡೆಯಬೇಕು, ಮತ್ತು ಸುಲಭವೆನಿಸಿದ ಕೂಡಲೇ ಸಂಖ್ಯೆಯನ್ನೋ ಭಾರವನ್ನೋ ಹೆಚ್ಚಿಸಬೇಕು. ಸಮತೋಲನಕ್ಕಾಗಿ ಹಲ್ಲುಜ್ಜುವಾಗ ಒಂದು ಕೈಯನ್ನು ಗಟ್ಟಿಯಾದ ಆಸರೆಯ ಬಳಿ ಇಟ್ಟುಕೊಂಡು ಒಂಟಿಕಾಲಿನಲ್ಲಿ ಹತ್ತು ಸೆಕೆಂಡು ನಿಂತು ಕಾಲು ಬದಲಿಸಿ. ಹೃದ್ರೋಗ, ತೀವ್ರ ಕೀಲುನೋವು ಅಥವಾ ತಲೆಸುತ್ತು ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು.

ಊಟ ಮತ್ತು ನಿದ್ದೆ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯಲ್ಲಿ ‘ಬಲ್ಲ’ ಎಂಬ ಪದವೇ ಮುಖ್ಯ. ಆಯುಷ್ಯ ಹೆಚ್ಚಿಸುವ ಒಂದು ವಿಶೇಷ ಕಾಯಿ, ಒಂದು ಪುಡಿ, ಒಂದು ಬೀಜಕ್ಕಾಗಿ ಹುಡುಕುವುದರಲ್ಲಿ ಹಣವೂ ಕಾಲವೂ ವ್ಯರ್ಥ. ತರಕಾರಿ, ಹಣ್ಣು, ಬೇಳೆಕಾಳು, ತೌಡು ತೆಗೆಯದ ಧಾನ್ಯ, ಬೀಜಗಳಿಗೆ ತಟ್ಟೆಯಲ್ಲಿ ಹೆಚ್ಚು ಜಾಗವಿರಲಿ, ಕಾರ್ಖಾನೆಯ ಪೊಟ್ಟಣದ ತಿನಿಸಿಗೆ ಕಡಿಮೆ. ಉಪ್ಪು ದಿನಕ್ಕೆ 5 ಗ್ರಾಂ ಮೀರದಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಚಹಾ ಚಮಚಕ್ಕಿಂತ ಕಡಿಮೆ, ಅದೂ ಎಲ್ಲ ಅಡುಗೆ ಸೇರಿ. ಉಪ್ಪಿನ ಡಬ್ಬಿಯನ್ನು ಊಟದ ಮೇಜಿನಿಂದ ತೆಗೆದು ಒಳಗಿಟ್ಟರೆ ಈ ಕೆಲಸದ ಒಂದು ಭಾಗ ತಾನಾಗಿ ಆಗುತ್ತದೆ. ನಾಲಿಗೆ ಕೆಲವು ವಾರಗಳಲ್ಲಿ ಕಡಿಮೆ ಉಪ್ಪಿಗೆ ಒಗ್ಗಿಕೊಳ್ಳುತ್ತದೆ.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಬರಬಹುದು. ಉಳಿದವರಿಗೆ ನೆರವಾಗುವುದು ಏಳುವ ಹೊತ್ತು. ರಜಾದಿನವೂ ಸೇರಿದಂತೆ ಒಂದೇ ಸಮಯಕ್ಕೆ ಎದ್ದರೆ ದೇಹದ ಒಳಗಡಿಯಾರ ಸರಿಹೊಂದಿ, ರಾತ್ರಿ ನಿದ್ದೆ ಹೊತ್ತಿಗೆ ಬರತೊಡಗುತ್ತದೆ. ವಯಸ್ಕರಿಗೆ ಕನಿಷ್ಠ 7 ಗಂಟೆ ಬೇಕು. ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ನಿಂತಂತಾಗುವುದನ್ನು ಮನೆಯವರು ಗಮನಿಸಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಅದು ರಕ್ತದೊತ್ತಡವನ್ನೂ ಏರಿಸುತ್ತದೆ.

ಜನರ ಸಂಗ

ಸ್ನೇಹ, ಬಾಂಧವ್ಯಗಳನ್ನು ಆರೋಗ್ಯದ ಪಟ್ಟಿಯಲ್ಲಿ ಸೇರಿಸುವುದು ಕೆಲವರಿಗೆ ಬರಿಯ ಭಾವುಕತೆ ಎನಿಸಬಹುದು. ಜೂಲಿಯನ್ ಹೋಲ್ಟ್-ಲನ್‌ಸ್ಟಡ್ ಮತ್ತು ಸಂಗಡಿಗರು 148 ಅಧ್ಯಯನಗಳನ್ನು, ಅಂದರೆ 3 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಗಟ್ಟಿಯಾದ ಸಂಬಂಧಗಳಿರುವವರು ಅಧ್ಯಯನದ ಅವಧಿಯಲ್ಲಿ ಬದುಕುಳಿಯುವ ಸಾಧ್ಯತೆ ಸುಮಾರು 50 ಶೇಕಡಾ ಹೆಚ್ಚಿತ್ತು. ಇಲ್ಲಿಯೂ ‘ಬಿಡುವಾದಾಗ ಮಾತಾಡೋಣ’ ಎಂದರೆ ಬಿಡುವು ಎಂದೂ ಬರುವುದಿಲ್ಲ. ವಾರದ ಒಂದು ಸಂಜೆಯನ್ನು ಒಬ್ಬ ಗೆಳೆಯನಿಗೋ ಗೆಳತಿಗೋ ಮೀಸಲಿಡಿ. ಜೊತೆಯಾಗಿ ನಡೆದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಕಿವಿ ಮಂದವಾದವರು ಮಾತುಕತೆಯಿಂದ ಮೆಲ್ಲಗೆ ಹಿಂದೆ ಸರಿಯುತ್ತಾರೆ, ಮನೆಯವರು ಅದನ್ನು ವಯಸ್ಸಿನ ಮೌನವೆಂದು ತಿಳಿಯುತ್ತಾರೆ. ಮರೆಗುಳಿತನದ ತಡೆಯಬಹುದಾದ ಕಾರಣಗಳ ಸಾಲಿನಲ್ಲಿ ಶ್ರವಣದೋಷವೂ ಇರುವುದರಿಂದ, ಟಿ.ವಿ. ಸದ್ದು ಏರುತ್ತ ಹೋಗುತ್ತಿದ್ದರೆ ಅವರನ್ನು ಕಿವಿಯ ಪರೀಕ್ಷೆಗೆ ಕರೆದೊಯ್ಯಿರಿ.

ಅಭ್ಯಾಸವನ್ನು ನೆಲೆಗೊಳಿಸುವುದು

ಈಗ ಒಂದನ್ನು ಮಾತ್ರ ಆರಿಸಿಕೊಳ್ಳಿ. ‘ಇನ್ನು ಮುಂದೆ ವ್ಯಾಯಾಮ ಮಾಡುತ್ತೇನೆ’ ಎಂದು ಬರೆಯುವ ಬದಲು ‘ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ, ಅಡುಗೆಮನೆಯ ಕುರ್ಚಿಯಲ್ಲಿ, ಎಂಟು ಬಾರಿ ಎದ್ದು ಕೂರುತ್ತೇನೆ’ ಎಂದು ಬರೆಯಿರಿ. ಯಾವಾಗ, ಎಲ್ಲಿ, ಯಾವುದರ ಬೆನ್ನಿಗೆ ಎಂಬುದನ್ನು ಮೊದಲೇ ಗೊತ್ತುಪಡಿಸಿದ ಸಂಕಲ್ಪಗಳು ಹೆಚ್ಚು ಈಡೇರುತ್ತವೆ ಎಂಬುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ತೋರಿಸಿದ್ದಾರೆ. ಶ್ರದ್ಧಾವಂತರು ಸ್ವಭಾವದಿಂದಲೇ ಮಾಡುವ ಯೋಜನೆಯನ್ನು ನಾವು ಹೀಗೆ ಕಾಗದದ ಮೇಲೆ ಮಾಡುತ್ತೇವೆ, ಅಷ್ಟೇ.

ಎಷ್ಟು ದಿನ ಹಿಡಿಯುತ್ತದೆ? ಫಿಲಿಪಾ ಲಾಲಿ ಮತ್ತು ಸಂಗಡಿಗರು ಲಂಡನ್ನಿನಲ್ಲಿ 96 ಮಂದಿಯ ಮೇಲೆ ನಡೆಸಿದ ಅಧ್ಯಯನದಲ್ಲಿ ಒಂದು ಹೊಸ ರೂಢಿ ತಾನಾಗಿ ನಡೆಯುವಂತಾಗಲು ಸಾಮಾನ್ಯವಾಗಿ 66 ದಿನ ಬೇಕಾದವು; ಕೆಲವರಿಗೆ 18 ಸಾಕಾದರೆ, ಕೆಲವರಿಗೆ 254ರವರೆಗೂ ಬೇಕಾಗಬಹುದೆಂದು ಲೆಕ್ಕ ಹೇಳಿತು. ನಡುವೆ ಒಂದು ದಿನ ತಪ್ಪಿಹೋದರೆ ರೂಢಿ ಬೆಳೆಯುವ ಗತಿಗೆ ಹೇಳಿಕೊಳ್ಳುವಂಥ ಧಕ್ಕೆ ಆಗಲಿಲ್ಲ. ಆದ್ದರಿಂದ ತಪ್ಪಿದ ದಿನದ ಲೆಕ್ಕವನ್ನು ಮರುದಿನ ಎರಡರಷ್ಟು ಮಾಡಿ ತೀರಿಸಲು ಹೋಗಬೇಡಿ. ಅದೇ ಹೊತ್ತಿಗೆ, ಅದೇ ಕುರ್ಚಿಯಲ್ಲಿ, ಮೊದಲಿನಷ್ಟೇ ಎಂಟು ಬಾರಿ ಎದ್ದು ಕುಳಿತರೆ ಸಾಕು. ಮೂರು ತಿಂಗಳ ನಂತರ ಅದಕ್ಕೆ ನೆನಪಿಸುವ ಚೀಟಿ ಬೇಡವೆನಿಸಿದಾಗ, ಇದೇ ಕ್ರಮದಲ್ಲಿ ಎರಡನೆಯದನ್ನು ಬರೆದು ಗೋಡೆಗೆ ಅಂಟಿಸಿ.