64 ಜನರ ದುಡ್ಡು, ನನ್ನ ಒಂದು ಖಾತೆ

ಮೊದಲ ಸಲ ಗ್ರೂಪ್ ಬೈ, ಅಂದರೆ ಹಲವರ ದುಡ್ಡು ಸೇರಿಸಿ ಒಂದೇ ವಸ್ತುವನ್ನು ಒಟ್ಟಿಗೆ ಮಾಡಿಸುವ ಕೆಲಸ, ನಡೆಸಿದಾಗ ನನ್ನ ಹತ್ತಿರ ಇದ್ದದ್ದು ಎರಡೇ. ಒಂದು ಎಕ್ಸೆಲ್ ಶೀಟ್, ಇನ್ನೊಂದು ನನ್ನ ಸ್ವಂತ ಬ್ಯಾಂಕ್ ಖಾತೆ. ಮನೆ ಬಾಡಿಗೆ ಹೋಗುತ್ತಿದ್ದದ್ದೂ ಅದೇ ಖಾತೆಯಿಂದ.

ಮಾಡಿಸಬೇಕಿದ್ದದ್ದು ಮೆಕ್ಯಾನಿಕಲ್ ಕೀಬೋರ್ಡಿನ ಅಲ್ಯುಮಿನಿಯಂ ಕೇಸು, ಅಂದರೆ ಹೊರಕವಚ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದಲ್ಲಿ ಕೊರೆದು, ಆಮೇಲೆ ಆನೊಡೈಸಿಂಗ್ (ವಿದ್ಯುತ್ತಿನಿಂದ ಲೋಹದ ಮೇಲೆ ಗಟ್ಟಿ ಪದರ ಮೂಡಿಸುವುದು) ಮಾಡಿ ಬಣ್ಣ ಕೊಡಿಸುವ ಕೆಲಸ. ಒಂದೆರಡು ಪೀಸ್ ಅಂದರೆ ಕಾರ್ಖಾನೆಯವರು ಕೈ ಹಾಕುವುದಿಲ್ಲ. ಯಂತ್ರ ಹೊಂದಿಸುವ ಖರ್ಚು ಒಂದಕ್ಕೂ ಅಷ್ಟೇ, ನೂರಕ್ಕೂ ಅಷ್ಟೇ. ಅದಕ್ಕೇ ಗುಂಪು ಕಟ್ಟುವುದು. ಆನ್‌ಲೈನ್‌ನಲ್ಲಿ ಮಾತ್ರ ಪರಿಚಯವಿದ್ದ 64 ಜನ ಸೇರಿದರು, ಪೂರ್ತಿ ದುಡ್ಡು ಮೊದಲೇ ಕಳಿಸಿಬಿಟ್ಟರು. ನಾನು ಯಾರು, ಏನು ಅಂತ ವಿಚಾರಿಸಿದವರು ಮೂರೇ ಜನ. ಆಗ ಅದು ಹೆಮ್ಮೆ ಅನ್ನಿಸಿತ್ತು. ಈಗ ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತದೆ.

ಎರಡು ತಿಂಗಳಲ್ಲಿ ಬರುತ್ತೆ ಅಂದಿದ್ದೆ. ಬರಲು ಎಂಟು ತಿಂಗಳು ಹಿಡಿಯಿತು. ತಡವಾದದ್ದಕ್ಕಿಂತ ದೊಡ್ಡ ತಪ್ಪು ಬೇರೆ ಇತ್ತು. ಆನ್‌ಲೈನ್ ಪಾವತಿ ಸೇವೆಯಾದ ಪೇಪಾಲ್‌ನಲ್ಲಿ ದುಡ್ಡು ಕೊಟ್ಟವರು ಮಾಲು ಬರಲಿಲ್ಲ ಅಂತ ದೂರು ಕೊಡುವುದಿದ್ದರೆ ಪಾವತಿಸಿದ 180 ದಿನದೊಳಗೆ ಕೊಡಬೇಕು. ನನ್ನ ಎಂಟು ತಿಂಗಳಿಗೆ ಆ ಗಡುವು ಯಾವಾಗಲೋ ಮುಗಿದಿತ್ತು. ಸಾಲದ್ದಕ್ಕೆ, ಫೀಸ್ ಉಳಿಯುತ್ತೆ ಅಂತ 'ಫ್ರೆಂಡ್ಸ್ ಅಂಡ್ ಫ್ಯಾಮಿಲಿ' (ಖರೀದಿಗಲ್ಲ, ಪರಿಚಯದವರಿಗೆ ಕಳಿಸುವ ದುಡ್ಡು) ಅಂತಲೇ ಕಳಿಸಿ ಅಂತ ನಾನೇ ಎಲ್ಲರಿಗೂ ಹೇಳಿದ್ದೆ. ಹಾಗೆ ಕಳಿಸಿದ ದುಡ್ಡಿಗೆ ಖರೀದಿದಾರರ ರಕ್ಷಣೆ ಮೊದಲ ದಿನದಿಂದಲೇ ಇರುವುದಿಲ್ಲ. ನಾನು ಮೋಸ ಮಾಡಲಿಲ್ಲ, ನಿಜ. ಆದರೆ ಮಾಡಿದ್ದರೂ ಯಾರೂ ಏನೂ ಮಾಡೋಕಾಗ್ತಿರಲಿಲ್ಲ, ಅಲ್ವಾ?

ಅದೂ ಅಲ್ಲದೆ ಕೊರಿಯರ್ ಲೆಕ್ಕ ತಪ್ಪಿತು. ತಕ್ಕಡಿಯಲ್ಲಿಟ್ಟರೆ ಒಂದು ಪೆಟ್ಟಿಗೆ ಒಂದೂ ಮುಕ್ಕಾಲು ಕೆಜಿ. ಆದರೆ ವಿಮಾನದಲ್ಲಿ ಹೋಗುವ ಪಾರ್ಸೆಲ್‌ಗೆ ಗಾತ್ರದ ತೂಕ ಅಂತ ಒಂದಿದೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ನಿಜವಾದ ತೂಕ, ಗಾತ್ರದ ತೂಕ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ನನ್ನ ಪೆಟ್ಟಿಗೆ 42, 22, 14. ಲೆಕ್ಕ ಹಾಕಿದರೆ ಎರಡೂವರೆ ಕೆಜಿ ದಾಟುತ್ತದೆ. 64 ಪೆಟ್ಟಿಗೆಯ ವ್ಯತ್ಯಾಸ ನನ್ನ ಕೈಯಿಂದಲೇ ಹೋಯಿತು. ಸುಮ್ನೆ ಕಟ್ಟಿದೆ, ಯಾರಿಗೂ ಹೇಳಲಿಲ್ಲ. ಹೇಳದೇ ಇದ್ದದ್ದೂ ತಪ್ಪೇ. ನಾನು ಇಸಕೊಂಡ ಕಡಿಮೆ ಕೊರಿಯರ್ ರೇಟ್ ನೋಡಿದವರು ಮುಂದೆ ಗ್ರೂಪ್ ಬೈ ನಡೆಸುವ ಬೇರೆಯವರಿಂದಲೂ ಅದೇ ರೇಟ್ ನಿರೀಕ್ಷಿಸಿದರು.

ಎರಡನೇ ಗ್ರೂಪ್ ಬೈಗೆ ದುಡ್ಡು ಕೇಳುವ ಮೊದಲು ಒಂದು ಪುಟ ಬರೆದೆ. ಏನು ಕೊಳ್ಳುತ್ತಿದ್ದೇವೆ ಅನ್ನುವುದು ಅದರಲ್ಲಿ ನಾಲ್ಕೇ ಸಾಲು. ಮಿಕ್ಕಿದ್ದೆಲ್ಲಾ ಕೆಟ್ಟರೆ ಏನು ಅನ್ನುವುದು. ಕಾರ್ಖಾನೆ ಕೈಕೊಟ್ಟರೆ ನಷ್ಟ ಯಾರದ್ದು? ದಾರಿಯಲ್ಲಿ ಪಾರ್ಸೆಲ್ ಕಳೆದರೆ? ಕಸ್ಟಮ್ಸ್ ಸುಂಕ ಯಾರು ಕಟ್ಟಬೇಕು? ಮಧ್ಯದಲ್ಲಿ ಬಿಟ್ಟು ಹೋಗುವವರಿಗೆ ದುಡ್ಡು ಯಾವಾಗ ವಾಪಸ್? ನನಗೆ ಒಂದು ಕೇಸು ಫ್ರೀ ಸಿಗುತ್ತದೆ ಅನ್ನುವುದನ್ನೂ ಬರೆದೆ. ಅದನ್ನು ಓದಿ ಇಬ್ಬರು ಹಿಂದೆ ಸರಿದರು. ಸರಿಯಲಿ.

ದುಡ್ಡನ್ನು ಎರಡು ಕಂತು ಮಾಡಿದೆ. ಕಾರ್ಖಾನೆಯವರು 30 ಪರ್ಸೆಂಟ್ ಅಡ್ವಾನ್ಸ್ ಕೇಳುತ್ತಿದ್ದರು, ಮಿಕ್ಕ 70 ಮಾಲು ಹೊರಡುವ ಮೊದಲು. ಹಾಗಿದ್ದ ಮೇಲೆ ಪೂರ್ತಿ ದುಡ್ಡು ತಿಂಗಳುಗಟ್ಟಲೆ ನನ್ನ ಹತ್ತಿರ ಯಾಕೆ ಇರಬೇಕು? ಮೊದಲು 30 ಇಸಕೊಂಡೆ. ಮಾಲು ತಯಾರಾಗಿ ಫೋಟೋ ಬಂದ ಮೇಲೆ 70 ಕೇಳಿದೆ. ದೊಡ್ಡ ಕಂತು ತಡವಾಗಿ ಹೋದದ್ದರಿಂದ ದೂರಿನ ಗಡುವೂ ಜನರ ಕೈಯಲ್ಲೇ ಉಳಿಯಿತು. ಈ ಸಲ 'ಫ್ರೆಂಡ್ಸ್ ಅಂಡ್ ಫ್ಯಾಮಿಲಿ' ಬೇಡ ಅಂತ ಹೇಳಿ, ಪೇಪಾಲ್ ಫೀಸ್ ಸೇರಿಸಿಯೇ ಇಸಕೊಂಡೆ. ಐದು ಜನ ಎರಡನೇ ಕಂತು ಕಟ್ಟಲಿಲ್ಲ. ವೇಟಿಂಗ್ ಲಿಸ್ಟ್‌ನವರಿಗೆ ಆ ಜಾಗ ಕೊಟ್ಟು, ಅವರ ದುಡ್ಡು ಬಂದ ಮೇಲೆ ಇವರ ಅಡ್ವಾನ್ಸ್ ವಾಪಸ್ ಮಾಡಿದೆ.

ಇದಕ್ಕೆಂದೇ ಬೇರೆ ಖಾತೆ ತೆರೆದೆ. ಗುಂಪಿನಲ್ಲೇ ಒಬ್ಬರಿಗೆ ಅದನ್ನು ನೋಡುವ ಅನುಮತಿ ಕೊಟ್ಟೆ. ಲೆಕ್ಕಪತ್ರದ ಕೆಲಸ ಮಾಡುವವರು ಅವರು, ಸಂಕೋಚವಿಲ್ಲದೆ ಪ್ರಶ್ನೆ ಕೇಳುತ್ತಿದ್ದರು. ಒಮ್ಮೆ ಶನಿವಾರ ರಾತ್ರಿ ಹನ್ನೊಂದಕ್ಕೆ ಮೆಸೇಜ್: "ಸಾರ್, 38ನೇ ಸಾಲಿನ ದುಡ್ಡು ಎರಡು ಸಲ ಬಂದಿದೆ, ನೋಡಿದ್ರಾ?" ನಾನು ನೋಡಿರಲಿಲ್ಲ. ಎಲ್ಲರಿಗೂ ತೆರೆದಿಟ್ಟ ಶೀಟಿನಲ್ಲಿ ಆರ್ಡರ್ ನಂಬರ್ ಮಾತ್ರ ಇತ್ತು. ಹಿಂದಿನ ಸಲ ಎಲ್ಲರ ಫೋನ್ ನಂಬರ್, ವಿಳಾಸ ಇದ್ದ ಶೀಟನ್ನೇ ಹಂಚಿಬಿಟ್ಟಿದ್ದೆ. ಅದಕ್ಕೆ ಒಬ್ಬರು ಬೈದದ್ದು ಇನ್ನೂ ಕಿವಿಯಲ್ಲಿದೆ.

ಮಾಲು ಬಂದಾಗ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಆನೊಡೈಸಿಂಗ್ ಬಣ್ಣ ಒಂದೊಂದು ಬ್ಯಾಚ್‌ಗೆ ಸ್ವಲ್ಪ ಬೇರೆಯಾಗುತ್ತದೆ, ಬಲ್ಬ್ ಬೆಳಕಿನಲ್ಲಿ ಅದು ಗೊತ್ತಾಗುವುದಿಲ್ಲ. ಎರಡು ಕೇಸುಗಳ ಮೇಲ್ಭಾಗ ಒಂದು ಬಣ್ಣ, ತಳ ಇನ್ನೊಂದು ಬಣ್ಣ. ಇನ್ನೊಂದರ ಅಂಚಿನಲ್ಲಿ ಉಗುರಿಗೆ ತಾಗುವಷ್ಟು ಗೀರು. ನಾಲ್ಕು ಪೀಸ್ ಹೆಚ್ಚಿಗೆ ಮಾಡಿಸಿದ್ದೆ, ಹಾಗಾಗಿ ಮೂರನ್ನೂ ಅಲ್ಲೇ ಬದಲಾಯಿಸಿದೆ. ಆ ಹೆಚ್ಚಿಗೆ ಪೀಸ್‌ಗಳ ಖರ್ಚು ಎಲ್ಲರಿಗೂ ಹಂಚಿಹೋಗುತ್ತದೆ ಅಂತ ಪುಟದಲ್ಲಿ ಮೊದಲೇ ಇತ್ತು. ಅದಕ್ಕೇ ಯಾರೂ ತಕರಾರು ತೆಗೆಯಲಿಲ್ಲ.

ಈ ಸಲವೂ ತಡವಾಯಿತು, ಐದು ತಿಂಗಳು. ಆದರೆ ಎರಡು ವಾರಕ್ಕೊಮ್ಮೆ ಭಾನುವಾರ ತಪ್ಪದೆ ಮೆಸೇಜ್ ಹಾಕಿದೆ. ಎಷ್ಟೋ ಸಲ "ಹೊಸದೇನೂ ಇಲ್ಲ, ಕಾರ್ಖಾನೆಯವರು ಉತ್ತರ ಕೊಟ್ಟಿಲ್ಲ" ಅಂತಷ್ಟೇ.

ಈಗ ಮೂರನೇ ಸುತ್ತು ಮಾಡಿ ಅಂತ ಕೇಳುತ್ತಿದ್ದಾರೆ. ಆ ಲೆಕ್ಕದವರಿಗೆ ಈ ವರ್ಷ ಬಿಡುವಿಲ್ಲ. ಅವರ ಜಾಗಕ್ಕೆ ಇನ್ನೊಬ್ಬರು ಸಿಗುವವರೆಗೆ ಆಗಲ್ಲ ಅಂದಿದ್ದೇನೆ.